ಯುದ್ಧದ ಉಗ್ರಾಣ: ಅಮೆರಿಕದ ಕಾದಂಬರಿ ಮತ್ತು ಪ್ರತಿಸಂಸ್ಕೃತಿಯ ಕುರಿತು ಒಂದು ಟಿಪ್ಪಣಿ

1960ರ ದಶಕದ ಅಮೆರಿಕದ ಪ್ರತಿಸಂಸ್ಕೃತಿಯನ್ನು ವಿಯೆಟ್ನಾಂ ಯುದ್ಧದ ಕೂಸೆಂದು ವಿವರಿಸುವುದು ವಾಡಿಕೆ. ಯುದ್ಧ ಬಂತು, ಯುವಜನ ಸಿಡಿದೆದ್ದರು, ಆ ಸಿಟ್ಟಿನಿಂದ ಹೊಸ ಬಗೆಯ ಕಾದಂಬರಿ ಹುಟ್ಟಿತು ಎನ್ನುವುದು ಅದರ ಧಾಟಿ. ಪ್ರಕಟಣೆಯ ವರ್ಷಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಈ ವಿವರಣೆ ತಾಳುವುದಿಲ್ಲ. ಆ ಪೀಳಿಗೆ ತನ್ನದೆಂದು ಹಚ್ಚಿಕೊಂಡ ಎರಡು ಕಾದಂಬರಿಗಳಲ್ಲಿ ಜೋಸೆಫ್ ಹೆಲ್ಲರ್ ಅವರ ‘ಕ್ಯಾಚ್-22’ ಬಂದದ್ದು 1961ರಲ್ಲಿ. ಕೆನ್ ಕೀಸಿಯವರ ‘ಒನ್ ಫ್ಲ್ಯೂ ಓವರ್ ದ ಕಕೂಸ್ ನೆಸ್ಟ್’ 1962ರಲ್ಲಿ. ಅಮೆರಿಕದ ಮರೀನ್ ತುಕಡಿಗಳು ಡಾ ನಾಂಗ್‌ನಲ್ಲಿ ಇಳಿದದ್ದು 1965ರ ಮಾರ್ಚ್ 8ರಂದು. ವಿಯೆಟ್ನಾಂ ಈ ಪುಸ್ತಕಗಳಿಗೆ ಓದುಗರನ್ನು ಒದಗಿಸಿತು, ನಿಜ. ಬರೆಸಿದ್ದು ಮಾತ್ರ ಅದಕ್ಕೂ ಹಿಂದಿನ ಎರಡು ಯುದ್ಧಗಳು: ಎರಡನೆಯ ಮಹಾಯುದ್ಧ ಮತ್ತು ಕೊರಿಯಾ.

ಯುದ್ಧ ಬರೆಸಿತು ಎಂದ ಕೂಡಲೇ ರಣರಂಗದ ಅನುಭವವೊಂದನ್ನೇ ನೆನೆಯುವುದು ವಿಮರ್ಶೆಯ ಹಳೆಯ ಚಾಳಿ. ಕೀಸಿ ಒಂದು ದಿನವೂ ಸೇನೆಯ ಸಮವಸ್ತ್ರ ತೊಟ್ಟವರಲ್ಲ. ಆದರೂ ಅವರ ಕಾದಂಬರಿಯ ಉದ್ದಕ್ಕೂ ಸೇನೆಯ ವಾಸನೆ ಇದೆ. ಅನುಭವದಷ್ಟೇ, ಕೆಲವೊಮ್ಮೆ ಅದಕ್ಕಿಂತ ಹೆಚ್ಚಾಗಿ, ಯುದ್ಧ ಬಿಟ್ಟುಹೋದ ಸರಂಜಾಮು ಈ ಬರವಣಿಗೆಗೆ ಒದಗಿಬಂತು ಎಂಬುದು ಈ ಟಿಪ್ಪಣಿಯ ವಾದ. ಅಗ್ಗದ ಪುಸ್ತಕ, ಸರ್ಕಾರಿ ಖರ್ಚಿನ ಓದು, ಮಾಜಿ ಸೈನಿಕರ ಆಸ್ಪತ್ರೆ, ಗುಪ್ತಚರ ಸಂಸ್ಥೆಯ ಔಷಧ ಪ್ರಯೋಗ ಎಲ್ಲವೂ ಈ ಸರಂಜಾಮಿನಲ್ಲಿ ಸೇರುತ್ತವೆ. ಯುದ್ಧಕ್ಕೆ ಎದುರು ನಿಂತ ಸಾಹಿತ್ಯ ಬಹುಮಟ್ಟಿಗೆ ಉಂಡದ್ದು ಯುದ್ಧದ ಉಗ್ರಾಣದಿಂದಲೇ.

ಮೊದಲು ಪುಸ್ತಕದ ಮಾತು. 1943ರಿಂದ 1947ರವರೆಗೆ ಅಮೆರಿಕದ ಪ್ರಕಾಶಕರು, ಗ್ರಂಥಪಾಲಕರು, ಪುಸ್ತಕ ವ್ಯಾಪಾರಿಗಳು ಸೇರಿ ಕಟ್ಟಿಕೊಂಡ ಮಂಡಳಿಯೊಂದು ಸೇನೆಯ ಸಹಯೋಗದಲ್ಲಿ ‘ಆರ್ಮ್ಡ್ ಸರ್ವಿಸಸ್ ಎಡಿಷನ್ಸ್’ ಎಂಬ ಮಾಲೆಯನ್ನು ಹೊರತಂದಿತು. 1,322 ಶೀರ್ಷಿಕೆ, ಒಟ್ಟು 12 ಕೋಟಿಗೂ ಮಿಕ್ಕಿ ಪ್ರತಿ. ನಿಯತಕಾಲಿಕಗಳ ಮುದ್ರಣ ಯಂತ್ರದಲ್ಲೇ ಒಂದರ ಕೆಳಗೊಂದು ಎರಡು ಪುಸ್ತಕ ಅಚ್ಚುಹಾಕಿ ನಡುವೆ ಅಡ್ಡ ಕತ್ತರಿಸುತ್ತಿದ್ದರು. ಹಾಗಾಗಿ ಪುಸ್ತಕ ಎತ್ತರಕ್ಕಿಂತ ಅಗಲಕ್ಕೆ ಹೆಚ್ಚು. ಪುಟಕ್ಕೆ ಎರಡು ಅಂಕಣ. ಸಮವಸ್ತ್ರದ ಜೇಬಿಗೆ ಹೇಳಿ ಮಾಡಿಸಿದ ಅಳತೆ. ಸ್ಕಾಟ್ ಫಿಟ್ಜೆರಾಲ್ಡ್ ಅವರ ‘ದ ಗ್ರೇಟ್ ಗ್ಯಾಟ್ಸ್‌ಬಿ’ ಮೊದಲು ಬಂದದ್ದು 1925ರಲ್ಲಿ. 1940ರಲ್ಲಿ ಲೇಖಕರು ತೀರಿಕೊಂಡಾಗ ಅದರ ಎರಡನೆಯ ಮುದ್ರಣದ ಪ್ರತಿಗಳು ಇನ್ನೂ ಮಾರಾಟವಾಗದೆ ಬಿದ್ದಿದ್ದವು. ಸೈನಿಕರ ಮಾಲೆಯಲ್ಲಿ ಅದೇ ಪುಸ್ತಕದ 1,55,000 ಪ್ರತಿ ಹಂಚಿಕೆಯಾಯಿತು. ಅದು ಇಂದು ಪಠ್ಯವಾಗಿ ನಿಂತಿರುವುದರ ಹಿಂದೆ ಈ ಹಂಚಿಕೆಯ ಪಾಲು ಸಣ್ಣದಲ್ಲ. ಗ್ಯಾಟ್ಸ್‌ಬಿಯೂ ಮೊದಲ ಮಹಾಯುದ್ಧದಿಂದ ಮರಳಿದ ಸೈನಿಕನೇ ಎಂಬುದನ್ನು ಅವನ ರೇಷ್ಮೆ ಅಂಗಿಗಳ ನಡುವೆ ನಾವು ಮರೆತುಬಿಡುತ್ತೇವೆ. ಪೇಪರ್‌ಬ್ಯಾಕ್ ಅಮೆರಿಕಕ್ಕೆ ಯುದ್ಧದೊಂದಿಗೆ ಬಂದದ್ದೇನಲ್ಲ, ‘ಪಾಕೆಟ್ ಬುಕ್ಸ್’ ಶುರುವಾದದ್ದು 1939ರಲ್ಲಿ. ಲಕ್ಷಗಟ್ಟಲೆ ಗಂಡಸರಿಗೆ ಅದರ ಚಟ ಹತ್ತಿಸಿದ್ದು ಮಾತ್ರ ಸೇನೆ.

ಓದಿನ ಚಟ ಹತ್ತಿದವರನ್ನು ತರಗತಿಗೆ ತಂದು ಕೂರಿಸಿದ್ದು ಕಾನೂನು. ಅಧ್ಯಕ್ಷ ರೂಸ್‌ವೆಲ್ಟ್ 1944ರ ಜೂನ್ 22ರಂದು ಸಹಿ ಹಾಕಿದ, ಜನ ‘ಜಿಐ ಬಿಲ್’ ಎಂದೇ ಕರೆದ ಕಾಯ್ದೆಯಡಿ ಮಾಜಿ ಸೈನಿಕನಿಗೆ ವರ್ಷಕ್ಕೆ 500 ಡಾಲರ್‌ವರೆಗೆ ಶಿಕ್ಷಣ ಶುಲ್ಕ, ಜೊತೆಗೆ ತಿಂಗಳ ಖರ್ಚಿಗೆ ಭತ್ಯೆ ಸಿಗುತ್ತಿತ್ತು. 1956ರ ಹೊತ್ತಿಗೆ ಸುಮಾರು 78 ಲಕ್ಷ ಮಂದಿ ಇದರಿಂದ ಓದು ಅಥವಾ ತರಬೇತಿ ಪಡೆದಿದ್ದರು. ಅವರಲ್ಲಿ ಸುಮಾರು 22 ಲಕ್ಷ ಮಂದಿ ಕಾಲೇಜು ಮೆಟ್ಟಿಲು ಹತ್ತಿದವರು. ಹೆಲ್ಲರ್ ಇದೇ ಹಣದಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಓದಿದರು. ಕರ್ಟ್ ವಾನೆಗಟ್ ಶಿಕಾಗೊದಲ್ಲಿ ಮಾನವಶಾಸ್ತ್ರ ಓದಿದರು. ನಾರ್ಮನ್ ಮೈಲರ್ ಪ್ಯಾರಿಸ್ಸಿನ ಸೊರ್ಬಾನ್‌ಗೆ ಹೋದರು. ಸ್ಟ್ಯಾನ್‌ಫರ್ಡ್‌ನಲ್ಲಿ ವಾಲೆಸ್ ಸ್ಟೆಗ್ನರ್ 1946ರಲ್ಲಿ ಸೃಜನಶೀಲ ಬರವಣಿಗೆಯ ವಿಭಾಗ ಕಟ್ಟಿದಾಗ ಅವರ ಕಣ್ಣ ಮುಂದಿದ್ದದ್ದು ಯುದ್ಧದಿಂದ ಮರಳಿದ, ವಯಸ್ಸಿಗೆ ಮೀರಿದ್ದನ್ನು ಕಂಡು ಬಂದ ವಿದ್ಯಾರ್ಥಿಗಳು. ಅಯೋವಾದ ಲೇಖಕರ ಕಾರ್ಯಾಗಾರ 1936ರದೇ ಆದರೂ ಅದು ಊದಿಕೊಂಡದ್ದು ಯುದ್ಧದ ನಂತರ. ನದಿ ದಂಡೆಯಲ್ಲಿ ಎಬ್ಬಿಸಿದ್ದ ಸೇನಾ ಮಾದರಿಯ ತಗಡಿನ ಶೆಡ್ಡುಗಳಲ್ಲೇ ಪಾಠ ನಡೆಯುತ್ತಿತ್ತು. ಅಮೆರಿಕದ ಕಾದಂಬರಿ ವಿಶ್ವವಿದ್ಯಾಲಯದ ಆವರಣಕ್ಕೆ ಒಗ್ಗಿದ ಕಥೆಯನ್ನು ಈ ಕಾಯ್ದೆಯನ್ನು ಬಿಟ್ಟು ಹೇಳಲಾಗದು.

ಉಗ್ರಾಣದ ಬಾಗಿಲು ಎಲ್ಲರಿಗೂ ಒಂದೇ ತೆರನಾಗಿ ತೆರೆದಿರಲಿಲ್ಲ. ಕಾಯ್ದೆಯ ಜಾರಿ ಸ್ಥಳೀಯ ಅಧಿಕಾರಿಗಳ, ಬ್ಯಾಂಕುಗಳ, ಬಣ್ಣ ನೋಡಿ ಪ್ರವೇಶ ಕೊಡುವ ಕಾಲೇಜುಗಳ ಕೈಯಲ್ಲಿತ್ತು. 1947ರಲ್ಲಿ ಮಿಸಿಸಿಪ್ಪಿಯ 13 ಪಟ್ಟಣಗಳಲ್ಲಿ ಈ ಯೋಜನೆಯ ಖಾತರಿಯಡಿ ಕೊಟ್ಟ 3,229 ಸಾಲಗಳಲ್ಲಿ ಕಪ್ಪು ಜನಾಂಗದ ಮಾಜಿ ಸೈನಿಕರಿಗೆ ದಕ್ಕಿದ್ದು ಎರಡು. ಯುದ್ಧೋತ್ತರ ಕಾದಂಬರಿಯ ಪಟ್ಟಿ ಏಕೆ ಅಷ್ಟು ಬಿಳಿಯಾಗಿದೆ ಎಂದು ಕೇಳುವವರು ಸಂಪಾದಕರ ಅಭಿರುಚಿಗಿಂತ ಮೊದಲು ಇಂಥ ಲೆಕ್ಕಗಳನ್ನು ನೋಡಬೇಕು.

ಸೇನೆಗೆ ಸೇರಲು ಒಪ್ಪದವರಿಂದಲೂ ಒಂದು ಧಾರೆ ಹರಿದು ಬಂತು. ಮನಸ್ಸಾಕ್ಷಿಯ ಕಾರಣಕ್ಕೆ ಆಯುಧ ಹಿಡಿಯಲೊಪ್ಪದ ಸುಮಾರು 12,000 ಮಂದಿಯನ್ನು ಸರ್ಕಾರ ಸಂಬಳವಿಲ್ಲದ ಕೆಲಸಕ್ಕೆ ಶಿಬಿರಗಳಿಗೆ ಕಳಿಸಿತು. ಆರೆಗನ್ ಕರಾವಳಿಯ ವಾಲ್ಡ್‌ಪೋರ್ಟ್ ಶಿಬಿರದಲ್ಲಿ ಹಗಲೆಲ್ಲ ಗಿಡ ನೆಟ್ಟು, ರಸ್ತೆ ರಿಪೇರಿ ಮಾಡಿ, ರಾತ್ರಿ ಕವಿತೆ ಅಚ್ಚುಹಾಕುವ ಗುಂಪೊಂದು ಬೆಳೆಯಿತು. ಕವಿ ವಿಲಿಯಂ ಎವರ್ಸನ್ ಅದರ ನಡುವಿನವರು; ಅವರ ಪುಟ್ಟ ಮುದ್ರಣಾಲಯದ ಹೆಸರು ‘ಅನ್‌ಟೈಡ್ ಪ್ರೆಸ್’. ಯುದ್ಧ ಮುಗಿದ ಮೇಲೆ ಆ ಗುಂಪಿನ ಹಲವರು ಸ್ಯಾನ್ ಫ್ರಾನ್ಸಿಸ್ಕೊ ಸುತ್ತಮುತ್ತ ನೆಲೆಸಿದರು. ಇಂಥದೇ ಮತ್ತೊಂದು ಶಿಬಿರದಲ್ಲಿದ್ದ ಲೂಯಿಸ್ ಹಿಲ್ 1949ರಲ್ಲಿ ಬರ್ಕ್ಲಿಯಲ್ಲಿ ಕೇಳುಗರ ಚಂದಾದಿಂದಲೇ ನಡೆಯುವ ಕೆಪಿಎಫ್‌ಎ ರೇಡಿಯೊ ಕೇಂದ್ರ ಆರಂಭಿಸಿದರು. ಲಾರೆನ್ಸ್ ಫರ್ಲಿಂಗೆಟಿ ಬಂದ ದಾರಿ ಬೇರೆ. ನಾರ್ಮಂಡಿ ದಾಳಿಯಲ್ಲಿ ಜಲಾಂತರ್ಗಾಮಿ ಬೇಟೆಯ ಸಣ್ಣ ಹಡಗೊಂದರ ನಾಯಕರಾಗಿದ್ದ ಅವರು ಬಾಂಬು ಬಿದ್ದ ಕೆಲವೇ ವಾರಗಳಲ್ಲಿ ನಾಗಾಸಾಕಿಯನ್ನು ಕಣ್ಣಾರೆ ಕಂಡು ಶಾಂತಿವಾದಿಯಾದರು. ಸರ್ಕಾರದ ಹಣದಲ್ಲೇ ಕೊಲಂಬಿಯಾದಲ್ಲೂ ಸೊರ್ಬಾನ್‌ನಲ್ಲೂ ಓದಿ, 1953ರಲ್ಲಿ ಸಿಟಿ ಲೈಟ್ಸ್ ಎಂಬ ಪುಸ್ತಕದಂಗಡಿ ತೆರೆದರು. ಅಲ್ಲಿ ಮಾರಾಟಕ್ಕಿದ್ದದ್ದು ಪೇಪರ್‌ಬ್ಯಾಕ್ ಮಾತ್ರ. ಅಲೆನ್ ಗಿನ್ಸ್‌ಬರ್ಗ್ ಅವರ ‘ಹೌಲ್’ 1956ರಲ್ಲಿ ಅಲ್ಲಿಂದಲೇ ಹೊರಬಿದ್ದು, ಮರುವರ್ಷ ಅಶ್ಲೀಲತೆಯ ಮೊಕದ್ದಮೆ ಎದುರಿಸಿ ಗೆದ್ದಿತು. ಯುದ್ಧಕ್ಕೆ ಹೋದವರು, ಹೋಗಲೊಲ್ಲದವರು ಇಬ್ಬರೂ ಒಂದೇ ನಗರದಲ್ಲಿ ಕೂಡಿಕೊಂಡರು. ಬೀಟ್ ಚಳವಳಿಯ ಬಗ್ಗೆ ಬರೆಯುವಾಗ ಜಾಜ್ ಸಂಗೀತ, ಹೆದ್ದಾರಿ ಪ್ರಯಾಣಗಳ ಗದ್ದಲದಲ್ಲಿ ಈ ಸಂಗತಿ ಹಿಂದೆ ಬೀಳುತ್ತದೆ.

ಹೆಲ್ಲರ್ ಕೊರ್ಸಿಕಾ ದ್ವೀಪದ ನೆಲೆಯಿಂದ ಬಿ-25 ವಿಮಾನದಲ್ಲಿ ಬಾಂಬ್ ಗುರಿಕಾರನಾಗಿ 60 ಹಾರಾಟ ನಡೆಸಿದವರು. 1944ರ ಆಗಸ್ಟ್‌ನಲ್ಲಿ ಅವಿನ್ಯಾನ್ ಮೇಲಿನ ದಾಳಿಯಲ್ಲಿ ತಮ್ಮ ವಿಮಾನದ ಗನ್ನರ್ ಒಬ್ಬನ ತೊಡೆಗೆ ಬಿದ್ದ ಗಾಯಕ್ಕೆ ಅವರೇ ಪಟ್ಟಿ ಕಟ್ಟಿದ್ದರು. ಕಾದಂಬರಿಯಲ್ಲಿ ಮತ್ತೆ ಮತ್ತೆ ಮರಳುವ ಸ್ನೋಡನ್‌ನ ಸಾವಿಗೆ ಬೀಜ ಅಲ್ಲಿದೆ. ಆದರೆ ಬರವಣಿಗೆ ಶುರುವಾದದ್ದು 1953ರಲ್ಲಿ. 1955ರಲ್ಲಿ ಮೊದಲ ಅಧ್ಯಾಯ ‘ಕ್ಯಾಚ್-18’ ಎಂಬ ಹೆಸರಲ್ಲಿ ಅಚ್ಚಾಯಿತು. ಲಿಯಾನ್ ಯೂರಿಸ್ ಅವರ ‘ಮೀಲಾ 18’ ಅಡ್ಡ ಬಂದದ್ದರಿಂದ ಕೊನೆಯಲ್ಲಿ ಸಂಖ್ಯೆ ಬದಲಾಯಿತು. ಆ ವರ್ಷಗಳಲ್ಲಿ ಹೆಲ್ಲರ್ ನ್ಯೂಯಾರ್ಕಿನ ಪತ್ರಿಕಾ ಕಚೇರಿಗಳಲ್ಲಿ ಜಾಹೀರಾತು ಬರೆದು ಹೊಟ್ಟೆ ಹೊರೆಯುತ್ತಿದ್ದರು. ಪುಸ್ತಕದಲ್ಲಿ ತುಂಬಿರುವುದು ಈ ಎರಡನೆಯ ಕಾಲದ ಗಾಳಿ.

ನಿಷ್ಠಾ ಪ್ರಮಾಣದ ಅಧ್ಯಾಯವನ್ನು ನೋಡಿ. ಕ್ಯಾಪ್ಟನ್ ಬ್ಲ್ಯಾಕ್ ಎಂಬ ಅಧಿಕಾರಿ ಇದ್ದಕ್ಕಿದ್ದಂತೆ ನಿಷ್ಠಾ ಪ್ರಮಾಣದ ಅಭಿಯಾನ ಹೂಡುತ್ತಾನೆ. ನಕ್ಷೆ ಬೇಕೆಂದರೆ ಸಹಿ, ಪ್ಯಾರಾಶೂಟ್ ಬೇಕೆಂದರೆ ಸಹಿ, ಊಟದ ಮೇಜಿನ ಮೇಲಿನ ಉಪ್ಪು ಬೇಕೆಂದರೂ ಸಹಿ. ಮೇಜರ್ ಮೇಜರ್ ಎಂಬ ಹೆಸರಿನ ಅಧಿಕಾರಿಯೊಬ್ಬನಿಗೆ ಮಾತ್ರ ಸಹಿ ಹಾಕುವ ಅವಕಾಶವನ್ನೇ ಕೊಡುವುದಿಲ್ಲ. ಸಹಿ ಮಾಡದವನು ಕಮ್ಯುನಿಸ್ಟ್ ಎಂದು ಸಾಧಿಸುವುದಕ್ಕಾಗಿ. ಕೊನೆಗೆ ಹಿರಿಯ ಅಧಿಕಾರಿಯೊಬ್ಬ ಊಟದ ಕೋಣೆಗೆ ಬಂದು ಎಲ್ಲರಿಗೂ ಬಡಿಸಿ ಎಂದು ಗದರಿದಾಗ ಅಭಿಯಾನ ಠುಸ್ಸೆನ್ನುತ್ತದೆ. 1944ರ ವಾಯುನೆಲೆಯಲ್ಲಿ ಇಂಥ ಅಭಿಯಾನಕ್ಕೆ ಜಾಗವೇ ಇರಲಿಲ್ಲ, ಆಗ ಸೋವಿಯತ್ ಒಕ್ಕೂಟ ಅಮೆರಿಕದ ಮಿತ್ರಪಕ್ಷ. ಕೇಂದ್ರ ಸರ್ಕಾರಿ ನೌಕರರ ನಿಷ್ಠೆ ತಪಾಸಣೆಗೆ ಅಧ್ಯಕ್ಷ ಟ್ರೂಮನ್ ಆದೇಶ ಹೊರಡಿಸಿದ್ದು 1947ರ ಮಾರ್ಚ್‌ನಲ್ಲಿ. ಸೆನೆಟರ್ ಮೆಕಾರ್ಥಿಯ ಕಮ್ಯುನಿಸ್ಟ್ ಬೇಟೆ ಅದಕ್ಕೂ ಆಮೇಲಿನದು. ಮೇಜರ್ ಮೇಜರ್‌ನನ್ನು ಬಡ್ತಿಗೇರಿಸುವ ಐಬಿಎಂ ಯಂತ್ರಕ್ಕೂ ಇದೇ ಮಾತು ಅನ್ವಯಿಸುತ್ತದೆ. ಇವನ್ನು ಕಾಲದೋಷ ಎಂದು ಎಣಿಸುವುದು ಪುಸ್ತಕವನ್ನು ತಪ್ಪಾಗಿ ಓದಿದಂತೆ. ಯುದ್ಧ ನಿಂತ ಮೇಲೂ ಯುದ್ಧಕಾಲದ ಕಚೇರಿ ನಿಲ್ಲಲಿಲ್ಲ ಎಂಬುದನ್ನೇ ಹೆಲ್ಲರ್ ಹೇಳುತ್ತಿದ್ದಾರೆ. ರಟ್ಟಿನ ಆವೃತ್ತಿ ಅಮೆರಿಕದಲ್ಲಿ ಸಾಧಾರಣವಾಗಿ ಮಾರಾಟವಾಯಿತು. 1962ರಲ್ಲಿ ಡೆಲ್ ತಂದ ಪೇಪರ್‌ಬ್ಯಾಕ್ ಬೇಗನೆ ಹತ್ತು ಲಕ್ಷ ದಾಟಿತು.

ಕೀಸಿಯ ವಿಷಯದಲ್ಲಿ ಉಗ್ರಾಣದ ಮಾತು ಅಕ್ಷರಶಃ ನಿಜವಾಗುತ್ತದೆ. 1958ರಲ್ಲಿ ಅವರು ಸ್ಟ್ಯಾನ್‌ಫರ್ಡ್‌ಗೆ, ಸ್ಟೆಗ್ನರ್ ಕಟ್ಟಿದ ವಿಭಾಗಕ್ಕೇ ಬಂದರು. (ಗುರು ಶಿಷ್ಯರಿಗೆ ಎಂದೂ ಹೊಂದಿಕೆಯಾಗಲಿಲ್ಲ.) ಹತ್ತಿರದ ಮೆನ್ಲೊ ಪಾರ್ಕ್‌ನ ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ಮನಸ್ಸಿನ ಮೇಲೆ ಪರಿಣಾಮ ಬೀರುವ ಔಷಧಗಳ ಪ್ರಯೋಗ ನಡೆಯುತ್ತಿತ್ತು, ಹಣ ಕೊಡುತ್ತಾರೆಂದು ಕೀಸಿ ಅದಕ್ಕೆ ಒಪ್ಪಿ ಕೂತರು. ಎಲ್‌ಎಸ್‌ಡಿಯ ಪರಿಚಯವಾದದ್ದು ಹೀಗೆ. ಬಳಿಕ ಅದೇ ಆಸ್ಪತ್ರೆಯ ಮಾನಸಿಕ ರೋಗಿಗಳ ವಾರ್ಡಿನಲ್ಲಿ ರಾತ್ರಿ ಪಾಳಿಯ ಸಹಾಯಕರಾದರು. ಕಾದಂಬರಿಯ ಒಂದು ಭಾಗ ಆ ಪಾಳಿಯಲ್ಲೇ ರೂಪುಗೊಂಡಿತು.

ಈ ಪ್ರಯೋಗಗಳ ಹಿಂದಿನ ಹಣ ಬಂದದ್ದು ಸಿಐಎಯಿಂದ ಎಂದು ಕೀಸಿಗೆ ತಿಳಿದದ್ದು ಬಹಳ ವರ್ಷಗಳ ನಂತರ. ಸಂಸ್ಥೆಯ ‘ಎಂಕೆ-ಅಲ್ಟ್ರಾ’ ಯೋಜನೆಗೆ ಒಪ್ಪಿಗೆ ಬಿದ್ದದ್ದು 1953ರ ಏಪ್ರಿಲ್‌ನಲ್ಲಿ, ಕೊರಿಯಾದ ಕದನವಿರಾಮಕ್ಕೆ ಮೂರು ತಿಂಗಳು ಮೊದಲು. ಶತ್ರುವಿನ ಸೆರೆಯಲ್ಲಿದ್ದ ಅಮೆರಿಕನ್ ಸೈನಿಕರ ಮಿದುಳನ್ನೇ ಚೀನೀಯರು ತೊಳೆದುಬಿಟ್ಟಿದ್ದಾರೆ ಎಂಬ ಗಾಬರಿ ಆಗ ವಾಷಿಂಗ್ಟನ್ನನ್ನು ಹಿಡಿದಿತ್ತು. 21 ಸೈನಿಕರು ತಾಯ್ನಾಡಿಗೆ ಮರಳಲು ಒಲ್ಲೆ ಎಂದಾಗ ಅದು ಇನ್ನಷ್ಟು ಏರಿತು. ನಾವೂ ಅಂಥ ವಿದ್ಯೆ ಕಲಿಯಬೇಕು ಎಂಬ ಹಟದಿಂದ ಆಸ್ಪತ್ರೆ, ಜೈಲು, ವಿಶ್ವವಿದ್ಯಾಲಯಗಳಿಗೆ ಗುಟ್ಟಾಗಿ ಹಣ ಹರಿಯಿತು. 1973ರಲ್ಲಿ ಸಂಸ್ಥೆಯ ಮುಖ್ಯಸ್ಥರೇ ಕಡತಗಳನ್ನು ನಾಶಮಾಡಿಸಿದರು. ಹೂರಣ ಹೊರಬಿದ್ದದ್ದು 1975 ಮತ್ತು 1977ರ ಸೆನೆಟ್ ವಿಚಾರಣೆಗಳಲ್ಲಿ. ಹೂಮುಡಿದ ಯುವಜನರ ಸಂಕೇತವಾದ ಔಷಧ ಅವರ ಕೈಗೆ ತಲುಪಿದ ದಾರಿಗಳಲ್ಲಿ ಒಂದು ಕೊರಿಯಾದ ಸೆರೆಶಿಬಿರಗಳ ಭಯದಿಂದ ಹೊರಟಿತ್ತು.

ಕಾದಂಬರಿಯೊಳಗೆ ಇದೆಲ್ಲ ಹೇಗೆ ಇಳಿದಿದೆ ಎಂಬುದು ಹೆಚ್ಚು ಸ್ವಾರಸ್ಯದ್ದು. ನಿರೂಪಕ ಬ್ರೋಮ್ಡನ್ ಕಿವುಡ ಮೂಕನಂತೆ ನಟಿಸುವ, ಮೂಲನಿವಾಸಿ ತಂದೆಯ ಮಗ, ಎರಡನೆಯ ಮಹಾಯುದ್ಧದ ಸೈನಿಕ. ವಾರ್ಡಿನಲ್ಲಿ ಆಗಾಗ ಮಂಜು ಕವಿಯುತ್ತದೆ ಎಂದು ಅವನು ನಂಬಿದ್ದಾನೆ. ಯುದ್ಧದಲ್ಲಿ ವಾಯುನೆಲೆಗಳನ್ನು ಶತ್ರುವಿಮಾನಗಳಿಂದ ಮರೆಮಾಡಲು ಯಂತ್ರದಿಂದ ಮಂಜು ಹಬ್ಬಿಸುತ್ತಿದ್ದುದನ್ನು ಕಂಡವನು ಅವನು. ಅಂಥದೇ ಯಂತ್ರವನ್ನು ಆಸ್ಪತ್ರೆಯವರು ಸೇನೆಯ ಹಳೇ ಸಾಮಾನಿನ ಮಾರಾಟದಲ್ಲಿ ಕೊಂಡು ಗಾಳಿಕಿಂಡಿಗಳಲ್ಲಿ ಅಡಗಿಸಿಟ್ಟಿದ್ದಾರೆ ಎಂಬುದು ಅವನ ಲೆಕ್ಕ. ವಾರ್ಡನ್ನು ಆಳುವ ನರ್ಸ್ ರ‍್ಯಾಚೆಡ್ ಹಿಂದೆ ಸೇನೆಯ ನರ್ಸ್. ಅವಳ ಮೇಲಧಿಕಾರಿಯೂ ಅಲ್ಲಿನ ಗೆಳತಿ. ಬಂಡಾಯ ಏಳುವ ಮೆಕ್‌ಮರ್ಫಿ ಕೊರಿಯಾದ ಸೆರೆಶಿಬಿರದಿಂದ ಜೊತೆಯವರನ್ನು ಬಿಡಿಸಿಕೊಂಡು ಬಂದು ಪದಕ ಪಡೆದವನು. ಆಮೇಲೆ ಅವಿಧೇಯತೆಗಾಗಿ ಸೇನೆಯಿಂದ ಹೊರದಬ್ಬಿಸಿಕೊಂಡವನು. ಶತ್ರುವಿನ ಶಿಬಿರದಿಂದ ತಪ್ಪಿಸಿಕೊಂಡವನಿಗೆ ತಾಯ್ನಾಡಿನ ಆಸ್ಪತ್ರೆಯಿಂದ ತಪ್ಪಿಸಿಕೊಳ್ಳಲಾಗುವುದಿಲ್ಲ. ಇದನ್ನು ವ್ಯಕ್ತಿ ಮತ್ತು ವ್ಯವಸ್ಥೆಯ ಸಂಘರ್ಷವೆಂದು ಸಾಮಾನ್ಯೀಕರಿಸಿ ಓದುವ ಪದ್ಧತಿಯಲ್ಲಿ, 1975ರ ಸಿನಿಮಾದ ನಂತರ ವಿಶೇಷವಾಗಿ, ಈ ಸೇನಾ ಹಿನ್ನೆಲೆ ಬಹುಪಾಲು ಸೋರಿಹೋಗಿದೆ. ಸಿನಿಮಾ ಬ್ರೋಮ್ಡನ್‌ನ ನಿರೂಪಣೆಯನ್ನೇ ಕೈಬಿಟ್ಟಿತು; ಅವನೊಂದಿಗೆ ಮಂಜಿನ ಯಂತ್ರವೂ ಹೋಯಿತು.

ಹಾಗೆಂದು ಪ್ರತಿಸಂಸ್ಕೃತಿ ಮತ್ತು ಯುದ್ಧವಿರೋಧಿ ಚಳವಳಿಯನ್ನು ಒಂದೇ ಎಂದು ಕಲಸುವಂತಿಲ್ಲ. 1965ರ ಅಕ್ಟೋಬರ್‌ನಲ್ಲಿ ಬರ್ಕ್ಲಿಯ ವಿಯೆಟ್ನಾಂ ವಿರೋಧಿ ಸಭೆಯಲ್ಲಿ ಮಾತಾಡಲು ಕರೆದಾಗ ಕೀಸಿ ಹಾರ್ಮೋನಿಕಾ ಊದುತ್ತ, ಮೆರವಣಿಗೆ ಹೋಗುವುದು ಯುದ್ಧ ಮಾಡುವವರದೇ ಆಟ, ಅದಕ್ಕೆ ಬೆನ್ನು ತಿರುಗಿಸಿ ಎಂಬರ್ಥದ ಮಾತಾಡಿ ಸಂಘಟಕರ ಸಿಟ್ಟಿಗೆ ಗುರಿಯಾದರು.

ವಾನೆಗಟ್ 1944ರ ಡಿಸೆಂಬರ್‌ನಲ್ಲಿ ಜರ್ಮನರ ಸೆರೆ ಸಿಕ್ಕಿ, 1945ರ ಫೆಬ್ರವರಿ 13ರಿಂದ 15ರವರೆಗೆ ಡ್ರೆಸ್ಡೆನ್ ಮೇಲೆ ಬಾಂಬು ಸುರಿದಾಗ ಕಸಾಯಿಖಾನೆಯೊಂದರ ನೆಲಮಾಳಿಗೆಯಲ್ಲಿದ್ದು ಬದುಕುಳಿದವರು. ‘ಸ್ಲಾಟರ್‌ಹೌಸ್-ಫೈವ್’ ಎಂಬ, ಆ ಅನುಭವದ ಕಾದಂಬರಿ ಬಂದದ್ದು 1969ರ ಮಾರ್ಚ್‌ನಲ್ಲಿ. ನಡುವಿನ 24 ವರ್ಷಗಳ ವಿಳಂಬವನ್ನು ಆಘಾತದ ಮೌನ ಎಂದು ವಿವರಿಸುವುದು ಸುಲಭ. ಪುಸ್ತಕದ ಮೊದಲ ಅಧ್ಯಾಯವೇ ಬೇರೆ ಕಾರಣ ಕೊಡುತ್ತದೆ: ಬರೆಯುವ ಯತ್ನಗಳು ನಡೆದೇ ಇದ್ದವು, ರೂಪ ಸಿಗಲಿಲ್ಲ. ಹಳೆಯ ಸಹಯೋಧನ ಮನೆಗೆ ಹೋದಾಗ ಅವನ ಹೆಂಡತಿ, ನೀವಾಗ ಇನ್ನೂ ಹುಡುಗರು, ಪುಸ್ತಕದಲ್ಲಿ ಮಾತ್ರ ವೀರರಂತೆ ತೋರಿಸಿಕೊಳ್ಳುತ್ತೀರಿ ಎಂದು ರೇಗಿದ್ದು ಒಂದು ತಿರುವು. ಅಯೋವಾದ ಕಾರ್ಯಾಗಾರದಲ್ಲಿ 1965ರಿಂದ 67ರವರೆಗೆ ಕಲಿಸುತ್ತ ಸಿಕ್ಕ ಬಿಡುವು ಇನ್ನೊಂದು. 1967ರ ಗುಗೆನ್‌ಹೈಮ್ ಅನುದಾನದಲ್ಲಿ ಡ್ರೆಸ್ಡೆನ್‌ಗೆ ಮರಳಿ ಹೋದದ್ದು ಮತ್ತೊಂದು. ಆಘಾತವಷ್ಟೇ ಕಾದಂಬರಿ ಬರೆಯುವುದಿಲ್ಲ, ಅದಕ್ಕೆ ಸಂಬಳವೂ ಬೇಕಾಗುತ್ತದೆ.

ಈ ಪುಸ್ತಕದಲ್ಲಿನ ಒಂದು ಅಂಕಿಯ ಬಗ್ಗೆ ಎಚ್ಚರ ಅಗತ್ಯ. ಡ್ರೆಸ್ಡೆನ್‌ನಲ್ಲಿ ಸತ್ತವರು 1,35,000 ಎಂದು ಕಾದಂಬರಿ ಹೇಳುತ್ತದೆ. ಅದರ ಮೂಲ ಡೇವಿಡ್ ಅರ್ವಿಂಗ್ 1963ರಲ್ಲಿ ಪ್ರಕಟಿಸಿದ ಗ್ರಂಥ. ಆ ಅಂಕಿ ಹುಸಿ. ನಗರವೇ ನೇಮಿಸಿದ ಇತಿಹಾಸಕಾರರ ಆಯೋಗ 2010ರಲ್ಲಿ ಕೊಟ್ಟ ವರದಿಯಂತೆ ಸತ್ತವರು ಹೆಚ್ಚೆಂದರೆ 25,000. ಅರ್ವಿಂಗ್ ಮುಂದೆ ಯೆಹೂದ್ಯರ ನರಮೇಧವನ್ನೇ ಅಲ್ಲಗಳೆದು ಕುಖ್ಯಾತರಾದವರು. ವಾನೆಗಟ್‌ಗೆ ಆಗ ಇದು ಗೊತ್ತಿರಲು ಸಾಧ್ಯವಿರಲಿಲ್ಲ. ಆದರೆ ಕಾದಂಬರಿಯ ಜನಪ್ರಿಯತೆಯ ಬೆನ್ನೇರಿ ಆ ಅಂಕಿ ಒಂದೆರಡು ಪೀಳಿಗೆಗಳ ತಲೆಯಲ್ಲಿ ಕೂತುಬಿಟ್ಟಿತು. ಇಂದಿನ ಆವೃತ್ತಿಗಳಲ್ಲಿ ಇದಕ್ಕೊಂದು ಅಡಿಟಿಪ್ಪಣಿ ಇರಬೇಕೆಂಬುದು ನನ್ನ ನಿಲುವು. 25,000 ಎಂಬುದೂ ಕಾದಂಬರಿಯ ನೈತಿಕ ಭಾರವನ್ನು ಎಳ್ಳಷ್ಟೂ ಕುಗ್ಗಿಸುವುದಿಲ್ಲ.

ಓದುಗರು ಎಲ್ಲಿಂದ ಬಂದರು? 1964ರಿಂದ 1973ರ ನಡುವೆ ಅಮೆರಿಕ ಲಕ್ಷಾಂತರ ಯುವಕರನ್ನು ಕಡ್ಡಾಯವಾಗಿ ಸೇನೆಗೆ ಎಳೆದುಕೊಂಡಿತು. ಕಾಲೇಜಿನಲ್ಲಿ ಓದುತ್ತಿರುವವರೆಗೆ ಮುಂದೂಡಿಕೆ ಇತ್ತು. 1968ರಲ್ಲಿ ಬಹುಪಾಲು ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಅದು ರದ್ದಾಯಿತು. 1969ರ ಡಿಸೆಂಬರ್ 1ರಂದು ಹುಟ್ಟಿದ ದಿನಾಂಕಗಳ ಚೀಟಿ ಎತ್ತಿ ಸರದಿ ನಿರ್ಧರಿಸಿದರು. ತರಗತಿಯಲ್ಲಿ ಕೂತು ತನ್ನ ಚೀಟಿಗೆ ಕಾಯುವ ಹುಡುಗನಿಗೆ, ಹುಚ್ಚು ಹಿಡಿದಿದೆ ಎಂದು ಅರ್ಜಿ ಕೊಟ್ಟವನಿಗೆ ಹುಚ್ಚಿಲ್ಲ ಎಂದು ತೀರ್ಪು ಕೊಡುವ ಹೆಲ್ಲರ್‌ನ ನಿಯಮ ವಿನೋದವಾಗಿ ಕಾಣಲಿಲ್ಲ. ಅವನ ಜೇಬಲ್ಲಿದ್ದ ಪುಸ್ತಕ ಅವನ ಅಪ್ಪನ ಯುದ್ಧದ್ದು. ಕೆಲವೆಡೆ ಅಪ್ಪಂದಿರು ತಿರುಗಿಬಿದ್ದರು: 1973ರಲ್ಲಿ ಉತ್ತರ ಡಕೋಟಾದ ಡ್ರೇಕ್ ಊರಿನ ಶಾಲೆಯಲ್ಲಿ ‘ಸ್ಲಾಟರ್‌ಹೌಸ್-ಫೈವ್’ನ 32 ಪ್ರತಿಗಳನ್ನು ಶಾಲೆಯ ಕುಲುಮೆಗೇ ಹಾಕಿ ಸುಟ್ಟರು.

ಕೀಸಿಯ ಆಸ್ಪತ್ರೆಗೆ ಹದಿನೈದು ವರ್ಷಗಳ ನಂತರ ಲೆಸ್ಲಿ ಮಾರ್ಮನ್ ಸಿಲ್ಕೊ ಬೇರೆಯದೇ ಉತ್ತರ ಕೊಟ್ಟರು. 1977ರ ‘ಸೆರಿಮೊನಿ’ ಕಾದಂಬರಿಯ ನಾಯಕ ಟಾಯೊ ಲಗೂನ ಪುಯೆಬ್ಲೊ ಬುಡಕಟ್ಟಿನವನು, ಫಿಲಿಪ್ಪೀನ್ಸ್‌ನಲ್ಲಿ ಕಾದಾಡಿ ಜಪಾನಿಯರ ಸೆರೆಯಲ್ಲಿದ್ದು ಬಂದವನು. ಅವನೂ ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ಮಂಜಾಗಿ, ಹೊಗೆಯಾಗಿ ಕರಗಿದ್ದವನು. ಬ್ರೋಮ್ಡನ್‌ನಂತೆ ಕಿಟಕಿ ಒಡೆದು ಓಡಿದರೆ ಇವನಿಗೆ ಬಿಡುಗಡೆ ಇಲ್ಲ. ಊರಿನ ಕರ್ಮಾಚರಣೆಗಳ ಮೂಲಕ, ಕೊನೆಗೆ ತನ್ನ ಜನರ ನೆಲದಲ್ಲೇ ಇರುವ ಯುರೇನಿಯಂ ಗಣಿಯ ಬಾಯಲ್ಲಿ ಅವನು ತನ್ನ ಯುದ್ಧವನ್ನು ಎದುರುಗೊಳ್ಳಬೇಕು. ಕೀಸಿ ಮೂಲನಿವಾಸಿಯನ್ನು ನಿರೂಪಕನನ್ನಾಗಿ ಮಾಡಿಯೂ ಬಿಟ್ಟದ್ದನ್ನು ಸಿಲ್ಕೊ ಎತ್ತಿಕೊಂಡರು ಎಂದು ನನಗನಿಸುತ್ತದೆ.

ವೈದ್ಯಶಾಸ್ತ್ರ ಇನ್ನೂ ತಡವಾಗಿ ಬಂತು. ಅಮೆರಿಕದ ಮನೋವೈದ್ಯರ ಅಧಿಕೃತ ಕೈಪಿಡಿಯ 1952ರ ಆವೃತ್ತಿಯಲ್ಲಿ ಯುದ್ಧದ ತೀವ್ರ ಒತ್ತಡಕ್ಕೊಂದು ಹೆಸರಿತ್ತು, 1968ರ ಆವೃತ್ತಿ ಅದನ್ನು ಕೈಬಿಟ್ಟಿತು. 1970ರ ಕೊನೆಯಲ್ಲಿ ನ್ಯೂಯಾರ್ಕಿನಲ್ಲಿ ವಿಯೆಟ್ನಾಂನಿಂದ ಮರಳಿದ ಯುದ್ಧವಿರೋಧಿ ಸೈನಿಕರು ತಮ್ಮತಮ್ಮಲ್ಲೇ ಕೂತು ಮಾತಾಡುವ ಗುಂಪುಗಳನ್ನು ಶುರುಮಾಡಿದರು. ಜೊತೆಗೆ ಕೂತವರಲ್ಲಿ ಮನೋವೈದ್ಯ ರಾಬರ್ಟ್ ಜೇ ಲಿಫ್ಟನ್ ಒಬ್ಬರು. 1953ರಲ್ಲಿ ಕೊರಿಯಾದಿಂದ ಮರಳುತ್ತಿದ್ದ ಸೆರೆಯಾಳುಗಳನ್ನು ವಾಯುಪಡೆಯ ವೈದ್ಯರಾಗಿ ಮಾತಾಡಿಸಿದವರು, ಆಮೇಲೆ ಹಿರೋಶಿಮಾದಲ್ಲಿ ಬದುಕುಳಿದವರನ್ನು ಅಧ್ಯಯನ ಮಾಡಿದವರು ಇದೇ ಲಿಫ್ಟನ್. ಅಂಥ ಗುಂಪುಗಳ ಒತ್ತಾಯದಿಂದಲೇ 1980ರ ಕೈಪಿಡಿಯಲ್ಲಿ ಪಿಟಿಎಸ್‌ಡಿ (ಆಘಾತೋತ್ತರ ಒತ್ತಡದ ಕಾಯಿಲೆ) ಎಂಬ ರೋಗನಾಮ ಸೇರಿತು. ಟಿಮ್ ಓಬ್ರಿಯನ್ ಅವರ ವಿಯೆಟ್ನಾಂ ಕಾದಂಬರಿ ‘ಗೋಯಿಂಗ್ ಆಫ್ಟರ್ ಕಚಿಯಾಟೊ’ ಅದಕ್ಕೆ ಎರಡು ವರ್ಷ ಮೊದಲೇ ಬಂದಿತ್ತು.

ಕೀಸಿಯ ಬಳಗದಲ್ಲಿದ್ದ ರಾಬರ್ಟ್ ಸ್ಟೋನ್ ಕೂಡ ಸ್ಟೆಗ್ನರ್ ವಿಭಾಗದವರೇ. 1971ರಲ್ಲಿ ಪತ್ರಕರ್ತರಾಗಿ ವಿಯೆಟ್ನಾಂಗೆ ಹೋಗಿಬಂದು ಅವರು ಬರೆದ ‘ಡಾಗ್ ಸೋಲ್ಜರ್ಸ್’ 1974ರಲ್ಲಿ ಪ್ರಕಟವಾಗಿ, ಮರುವರ್ಷ ನ್ಯಾಷನಲ್ ಬುಕ್ ಅವಾರ್ಡ್ ಹಂಚಿಕೊಂಡಿತು. ಸೈಗಾನ್‌ನಲ್ಲಿದ್ದ ಸಣ್ಣ ಪತ್ರಕರ್ತನೊಬ್ಬ ಮೂರು ಕಿಲೋ ಹೆರಾಯಿನ್ ಅನ್ನು ಹಳೆಯ ಗೆಳೆಯ ಹಿಕ್ಸ್‌ನ ಕೈಯಲ್ಲಿ ಕ್ಯಾಲಿಫೋರ್ನಿಯಾಕ್ಕೆ ಸಾಗಿಸುತ್ತಾನೆ. ಬೆನ್ನಟ್ಟಿದವರಿಂದ ತಪ್ಪಿಸಿಕೊಂಡು ಹಿಕ್ಸ್ ಸೇರುವುದು ಬೆಟ್ಟದ ಮೇಲಿನ ಆಶ್ರಮದಂಥ ಒಂದು ಜಾಗ; ಒಂದು ಕಾಲದಲ್ಲಿ ಗುರುವೊಬ್ಬನ ಸುತ್ತ ಮತ್ತೇರಿದ ಯುವಜನ ನೆರೆದಿದ್ದು, ಈಗ ಖಾಲಿ ಬಿದ್ದದ್ದು. ಆ ದಿನಗಳ ನೆನಪಿಗೆ ಕಾಡಿನ ಮರಮರಕ್ಕೂ ದೀಪ, ಧ್ವನಿವರ್ಧಕಗಳ ತಂತಿ ಎಳೆದದ್ದು ಹಾಗೇ ಇದೆ; ಕೀಸಿ ನೆಲೆಸಿದ್ದ ಲಾ ಹೋಂಡಾದ ಕಾಡಿನಲ್ಲಿ ಅವರ ಗೆಳೆಯರೂ ಮರಗಳಿಗೆ ಹೀಗೇ ಧ್ವನಿವರ್ಧಕ ಕಟ್ಟಿದ್ದರು. ಕೊನೆಯ ರಾತ್ರಿ ಗುರು ಆ ಸ್ವಿಚ್ಚುಗಳನ್ನು ಒತ್ತುತ್ತಾನೆ. ದೀಪಗಳು ಮಿಂಚಿ, ಕಾಡು ಅಬ್ಬರಿಸಿ, ಹಿಕ್ಸ್ ವಿಯೆಟ್ನಾಂನಲ್ಲಿ ಕಲಿತದ್ದನ್ನೆಲ್ಲ ಕ್ಯಾಲಿಫೋರ್ನಿಯಾದಲ್ಲಿ ಬಳಸಲು ಶುರುಮಾಡುತ್ತಾನೆ.